ಟೈಪ್ ಮಾಡಬಾರದ ಸಾಲು

ಬೆಳಿಗ್ಗೆ 9.40ಕ್ಕೆ ಕಣ್ಣಿನ ಆಸ್ಪತ್ರೆಯ ಆಡಳಿತಾಧಿಕಾರಿ ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟರು. "ನಮ್ಮ ಸರ್ವರನ್ನು ಯಾರೋ ಮುಗಿಸಿಬಿಟ್ಟಿದ್ದಾರೆ" ಎಂಬುದು ಅದರ ಮೊದಲ ವಾಕ್ಯ. ಇನ್‌ಸ್ಪೆಕ್ಟರ್ ಕುರ್ಚಿಯಿಂದ ಅರ್ಧ ಎದ್ದರು. ಸತ್ತದ್ದು ಕಂಪ್ಯೂಟರ್ ಎಂದು ತಿಳಿದ ಮೇಲೆ ಮತ್ತೆ ಕೂತರು.

"ಕಳುವಾಗಿದೆಯಾ?"

"ಅಲ್ಲೇ ಇದೆ ಸಾರ್, ಏಳ್ತಾ ಇಲ್ಲ. ಅದೊಂದರ ಒಳಗೇ ಒಂಬತ್ತು ಸರ್ವರ್ ಇವೆ. ರೋಗಿಗಳ ದಾಖಲೆ, ಔಷಧಿ ಪಟ್ಟಿ, ಎಲ್ಲಾ ಅದರಲ್ಲೇ."

"ಹಾಗಾದ್ರೆ ಎಫ್‌ಐಆರ್ ಒಂದಾ, ಒಂಬತ್ತಾ?" ಎಂದರು ಮುಖ್ಯ ಪೇದೆ, ಪೆನ್ನಿನ ಮುಚ್ಚಳ ತೆಗೆಯುತ್ತ. ಮಾರುದ್ದ ಬರೆಯುವ ಚಟಕ್ಕಾಗಿ ಠಾಣೆಯಲ್ಲಿ ಅವರನ್ನು 'ಪಂಚನಾಮೆ' ಎಂದೇ ಕರೆಯುತ್ತಿದ್ದರು.

ಒಂದೇ ಸಾಕೆಂದರು ಇನ್‌ಸ್ಪೆಕ್ಟರ್. ಅನುಮಾನ ಯಾರ ಮೇಲೆ ಎಂದದ್ದಕ್ಕೆ ಆಡಳಿತಾಧಿಕಾರಿ ತಡವರಿಸಲಿಲ್ಲ. ಸರ್ವರ್ ನೋಡಿಕೊಳ್ಳುವ ಹುಡುಗಿ, ತಂಗಿಯ ಮದುವೆಗೆ ರಜೆ ಸಿಗಲಿಲ್ಲವೆಂದು ನಿನ್ನೆ ಎಲ್ಲರೆದುರು "ಈ ಸರ್ವರ್ ಹಾಳಾಗಿ ಹೋಗ್ಲಿ" ಎಂದಿದ್ದಳು.

10.25ಕ್ಕೆ ಇನ್‌ಸ್ಪೆಕ್ಟರ್ ಮತ್ತು ಮುಖ್ಯ ಪೇದೆ ಆಡಳಿತಾಧಿಕಾರಿಯ ಹಿಂದೆ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದರು. ಎಡಕ್ಕೆ ಹಳೆಯ ದಾಖಲೆ ಕೋಣೆ, ಬಲಕ್ಕೆ ಸರ್ವರ್ ಕೋಣೆ. ದಾಖಲೆ ಕೋಣೆಯ ಮುಂದೆ ಡಾಕ್ಟರು, ನರ್ಸುಗಳು ಕಾಗದದ ಫೈಲಿಗಾಗಿ ಮುಗಿಬಿದ್ದಿದ್ದರು. ನಡುವಿನ ಮೇಜಿನ ಹಿಂದಿದ್ದ ವಯಸ್ಸಾದ ಗುಮಾಸ್ತರು ಅಷ್ಟು ಗಡಿಬಿಡಿಯಲ್ಲೂ ರಿಜಿಸ್ಟರ್ ಮುಂದೆ ತಳ್ಳಿದರು.

"ಸಹಿ ಮಾಡಿ ಒಳಗೆ ಹೋಗಿ."

"ನಾವು ಪೊಲೀಸರು."

"ಪೊಲೀಸರಿಗೂ ಒಂದು ಸಾಲು ಇದೆ."

ಇನ್‌ಸ್ಪೆಕ್ಟರ್ ಗೊಣಗುತ್ತ ಸಹಿ ಗೀಚಿದರು.

ಸರ್ವರ್ ಕೋಣೆಯ ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ಮುಖ್ಯ ಪೇದೆ ಪಂಚನಾಮೆ ಶುರು ಮಾಡಿದರು: "ಯಂತ್ರವು ಕಪ್ಪು ಬಣ್ಣದ್ದಾಗಿದ್ದು, ಮೈಮೇಲೆ ಗಾಯದ ಗುರುತುಗಳಿರುವುದಿಲ್ಲ. ಫ್ಯಾನು ತಿರುಗುತ್ತಿದ್ದು, ಪ್ರಜ್ಞೆ ಇರುವುದಿಲ್ಲ."

"ಹಾಳಾಗಿ ಹೋಗ್ಲಿ ಅಂದಿದ್ದು ನಿಜಾನಾ?" ಇನ್‌ಸ್ಪೆಕ್ಟರ್ ಯಂತ್ರದ ಪಕ್ಕ ನಿಂತಿದ್ದ ಹುಡುಗಿಯನ್ನು ಕೇಳಿದರು.

"ನಿಜ ಸಾರ್. ದಿನಾ ಅಂತೀನಿ. ಇವತ್ತು ನನ್ನ ಮಾತು ಕೇಳಿಬಿಡ್ತು. ನಾಡಿದ್ದು ತಂಗಿ ಮದುವೆ ಸಾರ್. ನಾನು ಲಾಕಪ್‌ನಲ್ಲಿ ಕೂತಿರ್ಲಾ?"

"ಏನಾಗಿದೆ ಇದಕ್ಕೆ?"

"ಬೂಟ್‌ಲೋಡರ್ ಅಳಿಸಿಹೋಗಿದೆ. ಕರೆಂಟ್ ಬಂದ ತಕ್ಷಣ ಮಿಕ್ಕವರನ್ನ ಎಬ್ಬಿಸೋ ಚಿಕ್ಕ ಪ್ರೋಗ್ರಾಮ್ ಅದು. ಮನೇಲಿ ಅಮ್ಮ ಏಳದಿದ್ರೆ ಯಾರೂ ಏಳಲ್ವಲ್ಲ, ಹಾಗೆ. ಒಳಗಿರೋ ಒಂಬತ್ತಕ್ಕೂ ಏನೂ ಆಗಿಲ್ಲ."

ಇನ್‌ಸ್ಪೆಕ್ಟರ್ ಗೋಡೆಯತ್ತ ನೋಡಿದರು. ದಪ್ಪಕ್ಷರದ ಚೀಟಿಯೊಂದನ್ನು ಅಂಟಿಸಲಾಗಿತ್ತು: "ಎಚ್ಚರಿಕೆ! ಕೆಳಗಿನ ಸಾಲನ್ನು ಅಪ್ಪಿತಪ್ಪಿಯೂ ಟೈಪ್ ಮಾಡಬಾರದು. ಮಾಡಿದರೆ ಯಂತ್ರ ಮತ್ತೆ ಏಳುವುದಿಲ್ಲ." ಕೆಳಗೆ ಆ ಸಾಲು, ಒಂದಕ್ಷರ ಬಿಡದಂತೆ.

"ಯಾರಮ್ಮ ಇದನ್ನ ಬರೆದಿದ್ದು?"

"ನಾನೇ ಸಾರ್."

"ಏನು ಮಾಡ್ಬಾರ್ದು ಅಂತ ಪೂರ್ತಿ ಬರೆದಿಟ್ಟಿದ್ದೀಯಲ್ಲ!"

"ಬರೀದಿದ್ರೆ ಯಾವುದನ್ನ ಮಾಡ್ಬಾರ್ದು ಅಂತ ಹೇಗೆ ಗೊತ್ತಾಗುತ್ತೆ ಸಾರ್?"

ಇನ್‌ಸ್ಪೆಕ್ಟರ್ ಮಾತು ಬದಲಿಸಿ, ರಿಪೇರಿ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದಳು. ಆರೋಪಿಯ ಕೈಗೇ ಯಂತ್ರ ಕೊಡುವುದೇ ಎಂದು ಆಡಳಿತಾಧಿಕಾರಿ ಹೌಹಾರಿದರು. ಬೇರೆ ಯಾರಿಗೆ ಬರುತ್ತದೆ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹುಡುಗಿ ಪೆನ್‌ಡ್ರೈವ್ ಚುಚ್ಚಿ ಅದರಿಂದ ಯಂತ್ರವನ್ನು ಎಬ್ಬಿಸಿದಳು. ಡಿಸ್ಕ್ ಹುಡುಕಿ, ಒಳಹೊಕ್ಕು, ಅದರ ತಲೆಭಾಗದಲ್ಲಿ ಬೂಟ್‌ಲೋಡರನ್ನು ಹೊಸದಾಗಿ ಬರೆದಳು. ಮುಖ್ಯ ಪೇದೆ ಹೆಗಲ ಹಿಂದೆ ನಿಂತು ಅವಳು ಒತ್ತಿದ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳುತ್ತಿದ್ದರು. "ಸ್ವಲ್ಪ ನಿಧಾನ ಒತ್ತಮ್ಮ" ಎಂದು ಎರಡು ಸಲ ಅಂಗಲಾಚಿದರು. 11.50ಕ್ಕೆ ಯಂತ್ರ ಆರಿ ಮತ್ತೆ ಹೊತ್ತಿತು. ಪರದೆ ಕಪ್ಪಗೇ ಇತ್ತು. ಆಮೇಲೆ ಒಂದು ಸಾಲು ಬಂತು, ಹಿಂದೆಯೇ ನೂರು ಸಾಲು. ಒಂಬತ್ತೂ ಒಂದೊಂದಾಗಿ ಎದ್ದವು. ಹುಡುಗಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

ಯಂತ್ರ ಎದ್ದ ಮೇಲೆ ಅದರ ನೆನಪೂ ಬಂತು. ಹಿಂದೆ ಟೈಪ್ ಮಾಡಿದ್ದೆಲ್ಲ ಸಮಯದ ಸಮೇತ ದಾಖಲಾಗಿತ್ತು. ಮೂರು ಸಲ ತಪ್ಪಿ, ನಾಲ್ಕನೆಯ ಸಲ 8.14ಕ್ಕೆ ಚೀಟಿಯ ಸಾಲು ಸರಿಯಾಗಿ ಬಿದ್ದಿತ್ತು. 8.16ಕ್ಕೆ ಯಂತ್ರ ಆರಿಸಲಾಗಿತ್ತು.

"ನಾನು ಬಂದಿದ್ದೇ ಒಂಬತ್ತಕ್ಕೆ ಸಾರ್. ರಾತ್ರಿ ಪರದೆ ಲಾಕ್ ಮಾಡದೆ ಹೋಗಿದ್ದೆ, ಅದು ಮಾತ್ರ ನನ್ನ ತಪ್ಪು."

"8.14ಕ್ಕೆ ಒಳಗೆ ಯಾರಿದ್ರು?"

ಮುಖ್ಯ ಪೇದೆ ಹೋಗಿ ರಿಜಿಸ್ಟರ್ ತಂದರು. ಆ ದಿನದ ಮೊದಲ ಸಾಲು ಮುತ್ತಿನಂಥ ಅಕ್ಷರದಲ್ಲಿತ್ತು. ಒಳಬಂದವರು: ದಾಖಲೆ ಕೋಣೆ ಗುಮಾಸ್ತ. ಸಮಯ: 8.05. ಉದ್ದೇಶ: ಸರ್ವರ್ ಕೆಡಿಸಲು. ಹೊರಹೋದದ್ದು: 8.20.

ಅದರ ಕೆಳಗೆ ಹುಡುಗಿಯ ಸಹಿ. ಅದರ ಕೆಳಗೆ ಆಡಳಿತಾಧಿಕಾರಿಯದು. ಅದರ ಕೆಳಗೆ ಇನ್‌ಸ್ಪೆಕ್ಟರರದೇ.

"ನನ್ನ ಸಹಿ ವಿಷಯ ಪಂಚನಾಮೆಯಲ್ಲಿ ಬೇಡ" ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. ಮುಖ್ಯ ಪೇದೆ ಆಗಲೇ ಬರೆದಾಗಿತ್ತು.

12.40ಕ್ಕೆ ಗುಮಾಸ್ತರನ್ನು ಬಂಧಿಸಲಾಯಿತು. ಅವರು ತಕರಾರು ಮಾಡಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ ಯಜಮಾನ್ರೇ?"

"ಸೋಮವಾರ ಫೈಲೆಲ್ಲಾ ಗುಜರಿಗೆ ಹಾಕ್ತಾರಂತೆ ಸಾರ್. ಮೂವತ್ತೊಂದು ವರ್ಷ ಜೋಡಿಸಿಟ್ಟಿದ್ದು. ಸರ್ವರ್ ಬಂದ ಮೇಲೂ ಪ್ರತಿಯೊಂದಕ್ಕೂ ಒಂದು ಕಾಗದ ಇಟ್ಟಿದ್ದೀನಿ. ಎರಡು ವರ್ಷದಿಂದ ಫೈಲ್ ಕೇಳಿ ಒಬ್ಬರೂ ಕೆಳಗೆ ಇಳಿದಿರಲಿಲ್ಲ. ಇವತ್ತು ಐವತ್ತಮೂರು ಫೈಲ್ ಕೊಟ್ಟೆ. ಒಂದು ಆಪರೇಷನ್ನೂ ನಿಲ್ಲಲಿಲ್ಲ."

"ಈ ಹುಡುಗಿ ಸಿಕ್ಕಿಹಾಕ್ಕೊಂಡಿದ್ಲಲ್ಲ?"

"ಅವಳ ಮೇಲೆ ಬರಬಾರದು ಅಂತಾನೇ ಬರೆದಿಟ್ಟಿದ್ದು."

"ಯಾರೂ ಓದಲಿಲ್ಲ ಅಂತ ಗೊತ್ತಾದ ಮೇಲಾದ್ರೂ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

ಗುಮಾಸ್ತರು ಹುಡುಗಿಯತ್ತ ನೋಡಿ ತಲೆ ತಗ್ಗಿಸಿದರು.

"ಹೇಳೋಣ ಅಂತ ಎರಡು ಸಲ ಎದ್ದೆ ಸಾರ್. ಅಷ್ಟರಲ್ಲಿ ಯಾರೋ ಬಂದು ಫೈಲ್ ಕೇಳಿದ್ರು."