ಟೋಪಿ ಅಜ್ಜಿಯನ್ನು ಅಳಿಸಲಾಗದು

“ಟೋಪಿ ಅಜ್ಜಿಯ ವಿಡಿಯೋಗಳನ್ನೆಲ್ಲ ಇವತ್ತೇ ತೆಗೆದುಹಾಕಿ.”

ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತ ವಕೀಲ ಹೀಗೆಂದಾಗ ಅಂಗಡಿಯವಳು ತಲೆ ಎತ್ತಲೂ ಇಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟಿನ ಟೇಪನ್ನು ಹತ್ತಿಯಿಂದ ಒರೆಸುತ್ತಲೇ, “ಆಗಲ್ಲ,” ಎಂದಳು.

ಟೋಪಿ ಅಜ್ಜಿ ಬಟ್ಟೆಯ ಗೊಂಬೆ. ಇನ್ನೂ ಶಾಲೆಗೆ ಸೇರದ ಪುಟಾಣಿಗಳಿಗಾಗಿ ಹಿಂದೆ ಟಿವಿಯಲ್ಲಿ ಬರುತ್ತಿದ್ದವಳು. ಆಮೇಲೆ ಕ್ಯಾಸೆಟ್ಟುಗಳಾಗಿ ಮನೆಮನೆ ಹೊಕ್ಕಳು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಗುಜರಿ ಸೇರಿದಳು. ಅಂಗಡಿಯವಳು ಆ ಕ್ಯಾಸೆಟ್ಟುಗಳನ್ನು ಹುಡುಕಿ ತಂದು, ಶುಚಿಮಾಡಿ, ಕಂಪ್ಯೂಟರಿಗೆ ಇಳಿಸಿ, ಯಾರು ಬೇಕಾದರೂ ನೋಡಲೆಂದು ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಚಿಕ್ಕವಳಿದ್ದಾಗ ದುಡಿಯುವ ಅಮ್ಮ ಅವಳನ್ನು ಕೂರಿಸಿ ಹೋಗುತ್ತಿದ್ದುದು ಆ ಅಜ್ಜಿಯ ಮುಂದೆ. ಬೇರೆ ಅಜ್ಜಿ ಅವಳಿಗಿರಲಿಲ್ಲ.

“ಆ ಕಾರ್ಯಕ್ರಮ ಮಾಡಿದ್ದು ನಮ್ಮ ಕಂಪನಿ. ಹಕ್ಕೂ ನಮ್ದೇ.”

“ಮೂಲ ಟೇಪು ನಿಮ್ಮ ಹತ್ರ ಇದೆಯಾ? ಕಣ್ಣಾರೆ ನೋಡಿದೀರಾ?”

ಅವನು ತಡವರಿಸಿದ. ಕಂಪನಿಯ ಉಗ್ರಾಣ ನೋಡಿ ಬರುತ್ತೇನೆ, ಅಲ್ಲಿಯವರೆಗೆ ಏನೂ ಮಾಡುವುದಿಲ್ಲ ಎಂದು ಮಾತು ಕೊಟ್ಟು ಹೋದ.

ಮತ್ತೆ ಬಂದ. ಬೀಗದ ಕೈ ಇನ್ನೂ ಸಿಕ್ಕಿಲ್ಲ ಎನ್ನಲು ಒಮ್ಮೆ, ಯಾವ ನೆಪವೂ ಇಲ್ಲದೆ ಇನ್ನೊಮ್ಮೆ... ಆ ಸಂಜೆ ಪರದೆಯ ಮೇಲಿನ ಅಜ್ಜಿ ‘ನಿನ್ನ ಹೆಸರೇನು ಪುಟ್ಟಾ?’ ಎಂದು ಕೇಳಿ, ಉತ್ತರಕ್ಕಾಗಿ ಕಾದಾಗ ಅವನ ತುಟಿ ಅಲುಗಿತು. ಚಿಕ್ಕಂದಿನಲ್ಲಿ ತೊದಲುತ್ತಿದ್ದೆ, ಮಾತು ಮುಗಿಯುವ ಮೊದಲೇ ಎಲ್ಲರೂ ನಗುತ್ತಿದ್ದರು, ಕಾದವಳು ಈ ಅಜ್ಜಿಯೊಬ್ಬಳೇ ಎಂದ.

ಅವಳ ಬಿಗುಮಾನ ಅಲ್ಲೇ ಕರಗಿತು.

ಮರುವಾರ ಒಂದು ಬೆಳಿಗ್ಗೆ ನೋಡಿದರೆ ಇಂಟರ್ನೆಟ್ಟಿನಲ್ಲಿ ಒಂದು ವಿಡಿಯೋವೂ ಇಲ್ಲ! ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ‘ನಂಬಿಸಿ ಕುತ್ತಿಗೆ ಕೊಯ್ದನಲ್ಲ...’

ಅತ್ತಳು. ಮುಖ ತೊಳೆದಳು. ಮೊದಲ ಕ್ಯಾಸೆಟ್ಟಿನಿಂದ ಎಲ್ಲವನ್ನೂ ಮತ್ತೆ ಹಾಕಲು ಕೂತಳು. ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ ಎಂದು ಅಣ್ಣ ಗೋಗರೆದ.

“ಅವರು ಅಳಿಸ್ಲಿ ಅಣ್ಣ, ನಾನು ಹಾಕ್ತಾನೇ ಇರ್ತೀನಿ. ಯಾರ ಕೈ ಮೊದಲು ಸೋಲುತ್ತೋ ನೋಡೇಬಿಡೋಣ.”

ಎರಡು ದಿನ ಬಿಟ್ಟು ವಕೀಲ ಬಂದ. ಅಂಗಿಯ ತುಂಬ ಧೂಳು, ಕಂಕುಳಲ್ಲಿ ದೊಡ್ಡ ಪೆಟ್ಟಿಗೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಯಾವ ಮುಖ ಇಟ್ಕೊಂಡು ಬಂದ್ರಿ?”

ಹೊಸ್ತಿಲಾಚೆಯೇ ನಿಂತು ಅವನು ನಡೆದದ್ದನ್ನು ಹೇಳಿದ. ಉಗ್ರಾಣದ ಮೂಲ ಟೇಪುಗಳ ಮೇಲೆ ಎಂದೋ ಬೇರೇನನ್ನೋ ತುಂಬಿಸಿಬಿಟ್ಟಿದ್ದರು. ಉಳಿದಿರುವುದು ಅಂಗಡಿಯವಳ ಹತ್ತಿರವಿರುವುದಷ್ಟೇ, ಅದನ್ನು ಮುಟ್ಟಬೇಡಿ ಎಂದು ಇವನು ವಾದಿಸಿದ. ಮೂಲವನ್ನೇ ಹಾಳುಮಾಡಿದ್ದು ಬಯಲಾದರೆ ಮರ್ಯಾದೆ ಹೋಗುತ್ತದೆಂದು ಕಂಪನಿಯ ಯಜಮಾನರು ಇವನ ಬೆನ್ನ ಹಿಂದೆ ವಿಡಿಯೋಗಳನ್ನು ಅಳಿಸಿಹಾಕಿಸಿದರು. ಇವನು ಕೆಲಸ ಬಿಟ್ಟ, ಕಂಪನಿ ಕೊಟ್ಟಿದ್ದ ಫೋನನ್ನೂ ಅಲ್ಲೇ ಇಟ್ಟು ಬಂದ. ಅಜ್ಜಿಗೆ ದನಿ ಕೊಟ್ಟಿದ್ದ ಹಿರಿಯರನ್ನು ಹುಡುಕಿಕೊಂಡು ಹೋದ. ಅವರು ಮಂಚದಡಿ ಕಾಪಿಟ್ಟಿದ್ದ ಅಜ್ಜಿಯ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನೇ ಎತ್ತಿಕೊಟ್ಟರು.

“‘ಒಂದೂ ಬಿಡದೆ ಹಾಕೋಕೆ ಹೇಳು ಆ ಹುಡುಗೀಗೆ’ ಅಂದ್ರು.”

ಅವಳ ಕಣ್ಣು ತುಂಬಿತು. ಆದರೂ ದಾರಿ ಬಿಡಲಿಲ್ಲ.

“ಕೇಸ್ ಹಾಕ್ತಾರೆ, ಗೊತ್ತಾ?”

“ಹಾಕ್ಲಿ. ನಿಮ್ಮ ಪರ ನಾನು ನಿಲ್ತೀನಿ.”

“ಹಾಕದೇ ಇದ್ರೆ?”

ಅವನು ಉಸಿರೆಳೆದುಕೊಂಡ. ಮಾತು ತೊಡರಿತು. ಅವಳು ಕಾದಳು.

“ಆ... ಆಗಲೂ ನಿಮ್ಮ ಪಕ್ಕದಲ್ಲೇ ಇರ್ತೀನಿ. ನೀವು ಬೇಡ ಅನ್ನದಿದ್ರೆ.”

ಅವಳು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡಳು.

“ಬೇಡ ಅಂದೋರು ಯಾರು? ಒಳಗೆ ಬಾ. ಅಂಗಿ ತೋಳು ಮಡಚ್ಕೋ, ತುಂಬ ಕೆಲಸ ಇದೆ.”