ಹೆಪ್ಪೆಣ್ಣೆಯ ಸಿಲಿಂಡರ್

ಇಳಕಲ್ಲಿನ ಹೊರವಲಯದ ಗ್ರಾನೈಟ್ ಅಂಗಳದಲ್ಲಿ ಟ್ರ್ಯಾಕ್ಟರ್ ಲೋಡರೊಂದು ಕಲ್ಲಿನ ಚೂರುಗಳನ್ನು ಎತ್ತಿ ಲಾರಿಗೆ ಸುರಿಯುತ್ತಿತ್ತು. ಬಕೆಟ್‌ನಿಂದ ಜಾರಿದ ಒಂದು ಚೂಪುಗಲ್ಲು ಅದರ ತೋಳನ್ನೆತ್ತುವ ಸಿಲಿಂಡರಿಗೆ ಬಡಿಯಿತು. ಹೊಳೆಯುವ ರಾಡಿನ ಮೇಲೆ ಗೀರು ಬಿತ್ತು. ರಾಡು ಒಳಹೋಗಿ ಮತ್ತೆ ಹೊರಬಂದಾಗ ಆ ಗೀರಿನ ಗುಂಟ ಎಣ್ಣೆ ಜಿನುಗಿ ಹನಿ ಕಟ್ಟಿತು. ಆದರೆ ಹನಿ ನೆಲಕ್ಕೆ ಬೀಳಲಿಲ್ಲ. ಗಾಳಿ ತಾಗುತ್ತಲೇ ಮೊಸರಿನಂತೆ ಗಟ್ಟಿಯಾಗಿ, ಮರುಕ್ಷಣ ಕಂದು ಹಕ್ಕಳೆಯಾಗಿ, ತಾನು ಬಂದ ದಾರಿಯನ್ನು ತಾನೇ ಮುಚ್ಚಿತು. ಚಾಲಕ ಯಂತ್ರವನ್ನು ನಿಲ್ಲಿಸಲೂ ಇಲ್ಲ.

ಅದು ಹೆಪ್ಪೆಣ್ಣೆ. ಲೋಡರಿನ ತೋಳನ್ನು ಎತ್ತುವುದು ಸಿಲಿಂಡರಿನೊಳಗೆ ಒತ್ತಡದಲ್ಲಿರುವ ಎಣ್ಣೆ. ರಾಡು ಹೊರಬರುವ ಬಾಯಿಯಲ್ಲಿ ಆ ಎಣ್ಣೆಯನ್ನು ತಡೆದು ನಿಲ್ಲಿಸುವುದು ಸೀಲ್ ಎಂಬ ರಬ್ಬರಿನಂಥ ಬಳೆ. ಕಲ್ಲುಪುಡಿಯ ಊರುಗಳಲ್ಲಿ ಸೀಲ್ ಸವೆಯುವುದು, ಸಿಲಿಂಡರ್ ಸೋರುವುದು, ಮೆಕ್ಯಾನಿಕ್ ಬಂದು ಬಿಚ್ಚುವುದು ದಿನನಿತ್ಯದ ಸಂಗತಿಯಾಗಿತ್ತು. ಧಾರವಾಡದ ವಿಜ್ಞಾನಿ ಡಾ. ಪದ್ಮಜಾ ಹೊಸಕೇರಿ ಎಣ್ಣೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಕಣಗಳನ್ನು ಬೆರೆಸಿದರು. ಗಾಳಿ ಸೋಕಿದ ಕಣಗಳು ಒಂದರ ಕೈ ಒಂದು ಹಿಡಿದು ಗಟ್ಟಿಯಾಗುತ್ತಿದ್ದವು, ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗೆ. ಸೋರಿಕೆ ನಿಂತಿತು. ಸರ್ಕಾರ ಹನಿರಹಿತ ಯಂತ್ರ ಕಾಯಿದೆ ತಂದು, ಮಣ್ಣಿಗೆ ಎಣ್ಣೆ ಬೀಳಿಸುವ ಯಂತ್ರಗಳನ್ನೆಲ್ಲ ನಿಷೇಧಿಸಿತು. ಇನ್ನು ಬಿಚ್ಚುವ ಅಗತ್ಯವೇ ಇಲ್ಲವೆಂದು ಕಂಪನಿ ಸಿಲಿಂಡರುಗಳ ಬಾಯಿಗೆ ಬೆಸುಗೆ ಹಾಕಿತು. ಬೆಸುಗೆ ಒಡೆಯುವುದನ್ನು ಕಾಯಿದೆ ಅಪರಾಧವೆಂದು ಸಾರಿತು. ಸೀಲ್ ಮಾರುವ ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಕೆಲವು ವರ್ಷಗಳ ಬಳಿಕ ಹೊಸ ಕಾಯಿಲೆ ಕಾಣಿಸಿತು. ತೋಳು ಕಿರುಗುಟ್ಟುತ್ತ ಏರಿ, ಅರ್ಧದಲ್ಲಿ ಸೆಟೆದು ನಿಂತುಬಿಡುತ್ತಿತ್ತು. ಚಾಲಕರು ಅದಕ್ಕೆ ಒಣಸೆಡೆತ ಎಂದು ಹೆಸರಿಟ್ಟರು. ಕಂಪನಿಯ ಉತ್ತರ ಒಂದೇ ಆಗಿತ್ತು: ಸೆಟೆದ ಯಂತ್ರವನ್ನು ಒಪ್ಪಿಸಿ, ಹೊಸದನ್ನು ಬಾಡಿಗೆಗೆ ಪಡೆಯಿರಿ.

ಬೀಬಿಜಾನ್ ನದಾಫ್ ಒಪ್ಪಿಸಲಿಲ್ಲ. ಅಂಗಳದಲ್ಲಿ ಸ್ವಂತ ಲೋಡರ್ ಇದ್ದ ಕೆಲವೇ ಚಾಲಕರಲ್ಲಿ ಆಕೆ ಒಬ್ಬಳು. ಯಂತ್ರ ಒಪ್ಪಿಸಿದರೆ ಇನ್ನೆಂದೂ ಸ್ವಂತದ್ದು ಸಿಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಸೆಟೆದ ತೋಳಿನ ಎರಡೂ ಸಿಲಿಂಡರುಗಳ ಬೆಸುಗೆಯನ್ನು ಗ್ರೈಂಡರಿನಿಂದ ಕಡಿದು ತೆಗೆದಳು.

ಸುದ್ದಿ ತಿಳಿದ ಕಂಪನಿ ಲೋಡರನ್ನು ಎಳೆದೊಯ್ಯಲು ಒಂದು ಕ್ರೇನ್ ಲಾರಿ ಕಳಿಸಿತು. ಅದರೊಂದಿಗೆ ಬಂದವರು ಇಬ್ಬರು: ಪ್ರದೇಶಾಧಿಕಾರಿ ಪ್ರಹ್ಲಾದ ಕಟ್ಟಿ ಮತ್ತು ಸ್ವತಃ ಡಾ. ಪದ್ಮಜಾ.

"ಈ ಬೆಸುಗಿ ಯಾರು ಕಡಿದಿದ್ದು?" ಕಟ್ಟಿ ಕೇಳಿದರು.

"ಇಲಿ ಕಡಿದಾವ್ರಿ. ಕಲ್ಲಿನೂರಿನ ಇಲಿ ನೋಡ್ರಿ, ಹಲ್ಲು ಭಾಳ ಗಟ್ಟಿ."

"ಚೇಷ್ಟಿ ಸಾಕು ತಂಗಿ. ಅಪರಾಧ ಆಗೇತಿ ಇದು."

"ನನ್ನ ಟ್ರ್ಯಾಕ್ಟರ್ ನಾ ಬಿಚ್ಚಿದ್ರ ಅಪರಾಧ. ನಿಮ್ಮ ಎಣ್ಣಿ ಅದರ ರಟ್ಟಿ ಸೆಟಿಸಿದ್ರ ಏನಂತಾರ್ರಿ ಅದಕ್ಕ?"

"ಅದಕ್ಕs ಹೊಸಾದು ಕೊಡ್ತೀವಲ್ಲ."

"ಕೊಡಂಗಿಲ್ಲ, ಬಾಡಗಿಗೆ ಬಿಡ್ತೀರಿ. ನಿಮಗ ಸಿಟ್ಟು ಬಂದ ದಿನ ಅಲ್ಲೇ ಕುಂತು ಬಂದ್ ಮಾಡ್ತೀರಿ. ನಮ್ಮ ಮಾವನ ಎತ್ತಿನ ಮೂಗುದಾರ ನಮ್ಮ ಮಾವನ ಕೈಯಾಗs ಇತ್ತು, ಸಾಹೇಬ್ರ."

ಪದ್ಮಜಾ ಈ ಜಗಳಕ್ಕೆ ಕಿವಿಗೊಟ್ಟಿರಲಿಲ್ಲ. ಬಿಚ್ಚಿಟ್ಟ ಹಳೆಯ ಸೀಲುಗಳ ಮುಂದೆ ಅವರು ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟಿದ್ದರು.

"ಇದನ್ನ ಕೈಯಾಗ ತಗೊಳ್ಲೇನವ್ವಾ?"

"ಮಾಡಿದವ್ರು ನೀವು. ನನ್ನ ಕೇಳ್ತೀರಲ್ರಿ ಮೇಡಂ?"

"ಸೆಟೆದ ಸಿಲಿಂಡರಿನ ಒಳಗ ನೋಡಬೇಕಂತ ನಾನೂ ಅರ್ಜಿ ಹಾಕೀನಿ. ಬೆಸುಗಿ ಒಡೀಲಿಕ್ಕೆ ಕಂಪನಿ ನನಗೂ ಬಿಡಲಿಲ್ಲ. ಇದನ್ನ ಇವತ್ತs ಮೊದಲನೇ ಸಲ ನೋಡ್ಲಿಕ್ಕತ್ತೀನಿ."

ಸೀಲ್ ಇದ್ದಿಲಿನಂತೆ ಪುಡಿಯಾಗುತ್ತಿತ್ತು. ಪದ್ಮಜಾ ಆ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಆಮೇಲೆ ಬೀಬಿಜಾನಳಿಗೆ ವಿವರಿಸಿದರು: ಒಳ್ಳೆಯ ಸೀಲ್ ಕೂಡ ರಾಡನ್ನು ಪೂರ್ತಿ ಒಣಗಿಸುವುದಿಲ್ಲ. ಉಸಿರಿಗಿಂತ ತೆಳುವಾದ ತೈಲಪೊರೆಯೊಂದು ರಾಡಿನ ಜೊತೆ ಹೊರಬಂದು, ಅದರ ಜೊತೆಗೇ ಒಳಹೋಗುತ್ತದೆ. ಸೀಲ್ ಬಾಳುವುದು ಆ ಪೊರೆಯ ಮೇಲೆ. ಹೆಪ್ಪುಕಣಗಳಿಗೆ ಗಾಯ ಯಾವುದು, ಪೊರೆ ಯಾವುದು ಎಂಬ ಭೇದ ತಿಳಿಯಲಿಲ್ಲ. ಪೊರೆಯೂ ಹಕ್ಕಳೆಯಾಯಿತು. ಹಕ್ಕಳೆಯ ಪುಡಿ ರಾಡನ್ನು ಗೀರಿತು, ಗೀರು ಮತ್ತೆ ಹಕ್ಕಳೆಗಟ್ಟಿತು.

"ನೀರಿಲ್ಲದ ಕಣ್ಣಿನಾಗ ರೆಪ್ಪಿ ಬಡಿದಂಗ," ಎಂದರು.

"ಮತ್ತ ಮದ್ದು?"

"ನನಗ ಗೊತ್ತಿಲ್ಲ."

"ಗೊತ್ತಿಲ್ಲಾಂದ್ರ ಒಯ್ಯೋದ್ಯಾಕ?" ಬೀಬಿಜಾನ್ ಕಟ್ಟಿಯವರ ಕಡೆ ತಿರುಗಿದಳು. "ನಾ ಜೋಡಿಸಿ ಮುಗಿಸೀನಿ. ಇನ್ನೂ ಚಾಲೂ ಮಾಡಿಲ್ಲ. ನಿಮ್ಮ ಕಣ್ಣ ಮುಂದs ಮಾಡ್ತೇನಿ, ನೋಡ್ರಿ."

ಆಕೆ ಮಾಡಿದ್ದ ಕೆಲಸ ಹೀಗಿತ್ತು. ಅಂಗಳದ ಮೂಲೆಯ ಲೇತಿನವನಿಂದ ಸಿಲಿಂಡರಿನ ಬಾಯಿಗೆ ತಿರುಪಿನ ಎಳೆ ಕೊರೆಸಿ, ತಿರುಗಿಸಿ ಬಿಗಿಯುವ ಹಿತ್ತಾಳೆಯ ಮುಚ್ಚಳ ಮಾಡಿಸಿದ್ದಳು. ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಿಮ್ಮಿಯಿಂದ ಹೊಸ ಸೀಲುಗಳನ್ನು ಕಡೆಸಿದ್ದಳು. ಗೀರಿದ್ದ ರಾಡುಗಳನ್ನು ಉಜ್ಜಿಸಿ ನಯಗೊಳಿಸಿದ್ದಳು. ಒಳಗಿನ ಕಲ್ಲುಪುಡಿ ತೆಗೆಯಲು ಹಳೆಯ ಮೆಕ್ಯಾನಿಕ್‌ಗಳು ಕಣಕ ಬಳಸುತ್ತಿದ್ದರು. ನಾದಿದ ಹಿಟ್ಟಿನ ಮುದ್ದೆಯನ್ನು ಒತ್ತಿ ಎತ್ತಿದರೆ ಬಟ್ಟೆಗೆ ಸಿಗದ ಧೂಳೂ ಅದಕ್ಕೆ ಅಂಟಿ ಬರುತ್ತದೆ. ಆದರೆ ಆ ಕಣಕ ಗೋಧಿಯದಾಗಿರಬೇಕು. ಬೀಬಿಜಾನ್ ರೊಟ್ಟಿಗೆಂದು ಬಿಸಿನೀರಿನಲ್ಲಿ ನಾದಿದ್ದ ಜೋಳದ ಹಿಟ್ಟನ್ನು ತಂದಿದ್ದಳು. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಅದು ಒಳಗೇ ಮುರಿದು ಸಂದುಗಳಲ್ಲಿ ಕುಳಿತಿತ್ತು. ಒರೆಸಿದಷ್ಟು ಒರೆಸಿ, ಉಳಿದದ್ದನ್ನು ಬೈದು, ಪೇಟೆಯಲ್ಲಿ ಬೇರೆ ಎಣ್ಣೆಯೇ ಸಿಗದ್ದರಿಂದ ಅದೇ ಹೆಪ್ಪೆಣ್ಣೆ ತುಂಬಿ ಮುಚ್ಚಿದ್ದಳು.

ಎಂಜಿನ್ ಚಾಲೂ ಆಯಿತು. ತೋಳು ಮೇಲೆದ್ದಿತು. ಕಿರುಗುಟ್ಟಲಿಲ್ಲ, ನಿಲ್ಲಲೂ ಇಲ್ಲ. ಆದರೆ ಹೊರಬಂದ ರಾಡು ಬಿಸಿಲಿಗೆ ಒದ್ದೆಯಾಗಿ ಮಿಂಚಿತು.

"ಸೋರಾಕತ್ತೇತಿ!" ಎಂದು ಕಟ್ಟಿ ಬೆರಳು ಮಾಡಿದರು.

ಬೀಬಿಜಾನಳ ಮುಖ ಸಪ್ಪಗಾಯಿತು. ತನ್ನ ಸೀಲ್ ಸರಿಯಾಗಿ ಕೂರಲಿಲ್ಲ ಎಂದುಕೊಂಡಳು. ಪದ್ಮಜಾ ರಾಡಿನ ಮೇಲೆ ಬೆರಳಾಡಿಸಿದರು. ಮತ್ತೆ ಇಳಿಸಿ, ಎತ್ತಿ ಎಂದರು. ಮತ್ತೂ ಒಮ್ಮೆ ಎಂದರು. ಒಂದು ಹನಿಯೂ ಬೀಳಲಿಲ್ಲ, ಒದ್ದೆ ಆರಲೂ ಇಲ್ಲ.

"ಒಳಗ ಏನು ಹಾಕೀದಿ?"

ಬೀಬಿಜಾನ್ ನಾಚಿಕೊಂಡೇ ಹೇಳಿದಳು. "ಜ್ವಾಳದ ಹಿಟ್ಟು ಉಳದೇತ್ರಿ. ಗೋದಿಹಿಟ್ಟು ಮನ್ಯಾಗ ಇದ್ದಿದ್ದಿಲ್ಲ. ನಮ್ಮತ್ತಿ ಬೈದ್ಲು, ಟ್ರ್ಯಾಕ್ಟರಿಗೆ ರೊಟ್ಟಿ ಬಡೀತಿ, ಗಂಡಗ ಬಡಿಯಂಗಿಲ್ಲ ಅಂತ."

ಪದ್ಮಜಾ ನಗಲು ಹೋಗಿ ಅರ್ಧಕ್ಕೇ ನಿಂತರು. "ಅದರ ಪಿಷ್ಟ ನನ್ನ ಕಣಗಳ ನಡುವ ಹೋಗಿ ಕುಂತಿರಬೇಕು. ಎಲ್ಲಾ ಕೈ ಕೂಡ್ಲಿಕ್ಕೆ ಬಿಡವಲ್ದು. ಹಕ್ಕಳಿ ಆಗೋ ಬದಲಿ ಮೊಸರಿನ ಹದಕ್ಕs ನಿಂತದ. ಹೌದೋ ಅಲ್ಲೋ ಪರೀಕ್ಷಾ ಮಾಡಬೇಕು. ಕಟ್ಟಿಯವರ, ಈ ಲೋಡರ್ ಇಲ್ಲೇ ಓಡ್ಲಿ. ನಾ ದಿನಾ ಬಂದು ನೋಡ್ತೀನಿ."

"ಒದ್ದಿ ಕಂಡ್ರ ಸೋರಿಕಿ. ಕಾಯಿದಿ ಹಂಗs ಬರದೇತಿ ಮೇಡಂ. ಗಾಡಿ ಒಯ್ಯಬೇಕು."

"ಕಾಯಿದೆಗೆ ಆ ಮಾತು ಬರೆದುಕೊಟ್ಟಾಕಿ ನಾನs. ತಪ್ಪು ಬರೆದೀನಿ."

"ತಿದ್ದೋ ತನಕ ಅದs ಖರೆ," ಎಂದು ಕಟ್ಟಿ ಲೋಡರಿನ ಮುಂಭಾಗಕ್ಕೆ ಸರಪಳಿ ಹಾಕಿಸಿದರು.

ಬೀಬಿಜಾನ್ ಎಂಜಿನ್ ಆರಿಸಿ ಸೀಟಿನಲ್ಲೇ ಕುಳಿತಳು. "ಒಯ್ಯಿರಿ. ನನ್ನ ಕೂಡೇ ಒಯ್ಯಿರಿ."

ಅಂಗಳದ ಚಾಲಕರು ಕೆಲಸ ಬಿಟ್ಟು ಸುತ್ತ ನೆರೆದರು. ಕಟ್ಟಿಯವರಿಗೆ ಆಕೆಯನ್ನು ಹೆದರಿಸಿ ಇಳಿಸಬೇಕಿತ್ತು. ಎತ್ತಲು ಸನ್ನೆ ಮಾಡಿದರು. ಮುಂದಿನ ಗಾಲಿಗಳು ನೆಲ ಬಿಟ್ಟವು. ಒಂದು ಮೊಳ ಮೇಲೇರಿದವು. ಆಗ ಕ್ರೇನಿನ ತೋಳು ಕರ್ಕಶವಾಗಿ ಕಿರುಚಿ ನಿಂತಿತು.

ಕ್ರೇನ್ ಚಾಲಕ ಲಿವರ್ ಎಳೆದ, ತಳ್ಳಿದ. ತೋಳು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅದರೊಳಗೂ ಅದೇ ಎಣ್ಣೆ, ಅದೇ ಬೆಸುಗೆ.

"ಇಳಿ ತಂಗಿ," ಎಂದರು ಕಟ್ಟಿ, ಬೆವರು ಒರೆಸಿಕೊಳ್ಳುತ್ತ.

"ಚಲೋ ಗಾಳಿ ಬರತೇತ್ರಿ ಇಲ್ಲಿ."

ಕಟ್ಟಿ ಕಚೇರಿಗೆ ಫೋನ್ ಮಾಡಿದರು. ಸೆಟೆದ ಕ್ರೇನನ್ನು ಎಲ್ಲರಂತೆ ಒಪ್ಪಿಸಬೇಕು, ಅದನ್ನೆತ್ತಲು ಇನ್ನೊಂದು ಕ್ರೇನ್ ಕಳಿಸುತ್ತೇವೆ ಎಂಬ ಉತ್ತರ ಬಂತು. ಆ ಇನ್ನೊಂದು ಕ್ರೇನ್ ಸೆಟೆದರೆ ಏನು ಮಾಡುವುದೆಂದು ಅವರು ಕೇಳಿದರು. ಆ ಕಡೆಯವರು ಫೋನ್ ಇಟ್ಟರು.

ಅವರು ಲೋಡರಿನ ಹತ್ತಿರ ಬಂದು ದನಿ ತಗ್ಗಿಸಿದರು. "ಇದನ್ನ ಬಿಚ್ತೀಯೇನವ್ವಾ?"

"ಅಪರಾಧ ಅಲ್ಲೇನ್ರಿ?"

"ಈಗ ಅದೆಲ್ಲಾ ಬ್ಯಾಡ."

"ಬೇಕು. ಜೋರಾಗಿ ಕೇಳ್ರಿ. ಹಿಂದ ನಿಂತಾರಲ್ಲ, ಅವರಿಗೂ ಕೇಳ್ಲಿ."

ಕಟ್ಟಿ ಪದ್ಮಜಾರ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ.

"ಬೆಸುಗಿ ಕಡಿದು ನಮ್ಮ ಗಾಡಿ ರಿಪೇರಿ ಮಾಡಿಕೊಡವ್ವಾ," ಎಂದರು ಗಟ್ಟಿಯಾಗಿ. ಮಾತು ಅಂಗಳದ ಕೊನೆಯವರೆಗೆ ಮುಟ್ಟಿತು.

ಬೀಬಿಜಾನ್ ಕೆಳಗೆ ಜಿಗಿದಳು. "ಮೊದಲ ಮುಂದಿನ ಅಚ್ಚಿನ ಬುಡಕ ಕಲ್ಲು ಪೇರಸ್ರಿ. ಆಮ್ಯಾಲೆ ಪೈಪ್ ಸಡಲಿಸಿ ಒತ್ತಡ ಬಿಡ್ಸೋಣು. ಅಲ್ಲೀತನ ಯಾರೂ ಅದರ ಬುಡಕ ಹೋಗಬ್ಯಾಡ್ರಿ."

ಕಲ್ಲು ಹೊರಲು ಕೆಲವರು ಮುಂದೆ ಬಂದರು. ಉಳಿದವರು ಅಲ್ಲಿ ನಿಲ್ಲಲಿಲ್ಲ. ಅಂಗಳದ ಆಚೆ ಬದಿಯಲ್ಲಿ ತೋಳು ಸೆಟೆದು ನಿಂತಿದ್ದ ಒಂದು ಲೋಡರಿನ ಬಳಿ ಗ್ರೈಂಡರಿನ ಸದ್ದು ಎದ್ದಿತು. ಅದರಾಚೆ ಮತ್ತೊಂದು.

"ಏ, ಯಾರಲ್ಲಿ? ನಿಲ್ಸ್ರಿ!" ಕಟ್ಟಿ ಕೂಗಿದರು.

"ನೀವs ಕೇಳಿದ್ರಲ್ರಿ ಸಾಹೇಬ್ರ," ಎಂದು ಕಿಡಿಗಳ ನಡುವಿನಿಂದ ಯಾರೋ ಉತ್ತರಿಸಿದರು.

ಪೈಪ್ ಸಡಿಲಿಸಿ ಲೋಡರನ್ನು ಕಲ್ಲುಗಳ ಮೇಲೆ ಇಳಿಸಿಕೊಂಡದ್ದಾಯಿತು. ಬೀಬಿಜಾನ್ ಸರಪಳಿ ಬಿಚ್ಚಿ ತನ್ನ ಯಂತ್ರವನ್ನು ಹಿಂದಕ್ಕೆ ಓಡಿಸಿಕೊಂಡಳು. ಕ್ರೇನಿನ ಬೆಸುಗೆ ಕಡಿಯುವ ಹೊತ್ತಿಗೆ ಲೇತಿನವನ ಮುಂದೆ ಆಗಲೇ ಸಾಲು ಬೆಳೆದಿತ್ತು. ಕಂಪನಿಯ ಗಾಡಿಯೆಂದು ಕಟ್ಟಿ ಮುಂದೆ ಹೋಗಲು ನೋಡಿದರು. ಲೇತಿನವ ತಲೆ ಎತ್ತದೆ, ಕೊನೆಗೆ ನಿಲ್ಲಿರಿ ಎಂದು ಕೈ ತೋರಿಸಿದ.