ಮೂಕ ಕ್ಯಾಮೆರಾದೊಳಗಿನ ದನಿ

14ನೇ ತಾರೀಕು, ಸೋಮವಾರ, ಬೆಳಿಗ್ಗೆ 10.20. ತಗಡು ಒತ್ತುವ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ನಲವತ್ತು ದಿನದ ಹಿಂದೆ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಒಬ್ಬ ಯುವಕ ಸತ್ತಿದ್ದ. ಆ ಸಿಸಿಟಿವಿ ದೃಶ್ಯವನ್ನು ಯಾರೋ ಕದ್ದು ಮೊಬೈಲುಗಳಿಗೆಲ್ಲ ಹಂಚಿದ್ದಾರೆ ಎಂಬುದು ದೂರು. ಯಂತ್ರದ ರಕ್ಷಣಾ ಜಾಲರಿಯನ್ನು ಸತ್ತವನೇ ಬಿಚ್ಚಿದ್ದ ಎಂದು ಕಾರ್ಖಾನೆ ವರದಿ ಕೊಟ್ಟಿತ್ತು, ಪೊಲೀಸರೂ ಅದನ್ನು ನಂಬಿ ಕಡತ ಮುಚ್ಚಿದ್ದರು. ಈಗ ಹರಿದಾಡುತ್ತಿದ್ದ ತುಣುಕಿನಲ್ಲಿ ಜಾಲರಿ ಬಿಚ್ಚುತ್ತಿದ್ದವನು ಸೂಪರ್‌ವೈಸರ್.

"ಮೂಲ ದೃಶ್ಯ ಎಲ್ಲಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮೂವತ್ತು ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ ಸರ್."

"ಒಳ್ಳೇ ಅನುಕೂಲ."

11.05ಕ್ಕೆ ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಕಾರ್ಖಾನೆಯ ಆಫೀಸಿನಲ್ಲಿ ಪಂಚನಾಮೆ. ದೃಶ್ಯ ನೋಡಲು ಇದ್ದದ್ದು ಒಂದೇ ಕಂಪ್ಯೂಟರ್. ನಕಲು ಇಳಿಸಲು ಮ್ಯಾನೇಜರ್ ಪಾಸ್‌ವರ್ಡ್ ಬೇಕು, ಪೆನ್‌ಡ್ರೈವ್ ಹಾಕುವ ಜಾಗಕ್ಕೆ ಸೀಲು. ರೆಕಾರ್ಡ್ ಮಾಡುವ ಯಾವ ಸಾಫ್ಟ್‌ವೇರನ್ನೂ ಇದಕ್ಕೆ ಹಾಕಿಲ್ಲ ಎಂದು ತಂತ್ರಜ್ಞ ಆಣೆ ಇಟ್ಟ.

ಜೊತೆಗೆ ಬಂದಿದ್ದ ಹೆಡ್ ಕಾನ್ಸ್‌ಟೇಬಲ್ ಮೌಸ್ ಹಿಡಿದ. ತಿಂಗಳ ಅಪರಾಧ ಸಭೆಗೆ ಸ್ಲೈಡ್ ಮಾಡುವುದು ಅವನ ಹಣೆಬರಹ. ಕಳ್ಳರಿಗಿಂತ ಸ್ಲೈಡುಗಳೇ ಅವನಿಗೆ ಹೆಚ್ಚು ಕಾಟ ಕೊಟ್ಟಿದ್ದವು. ಸ್ಲೈಡ್ ಮಾಡುವ ಸಾಫ್ಟ್‌ವೇರ್ ತೆರೆದು ಮೇಲಿನ ಸಾಲಿನ ಒಂದು ಗುಂಡಿ ತೋರಿಸಿದ.

"ಪರದೆ ಮೇಲೆ ಓಡೋದನ್ನೆಲ್ಲ ಇದೇ ಹಿಡ್ಕೊಳ್ಳುತ್ತೆ ಸರ್. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಆಮೇಲೆ ಸ್ಲೈಡ್ ಅಂತ ಮೇಲ್ ಮಾಡಿದ್ರೆ ಯಾರ್ ಕೇಳ್ತಾರೆ?"

"ಮೈಕ್?"

"ನಾವಾಗಿ ಆಫ್ ಮಾಡದಿದ್ರೆ ಅದೂ ಆನ್ ಇರುತ್ತೆ. ಪರದೆ ಮುಂದೆ ಕೂತವನ ದನೀನೂ ಸೇರ್ಕೊಳ್ಳುತ್ತೆ."

ಇನ್‌ಸ್ಪೆಕ್ಟರ್ ತುಣುಕನ್ನು ಮತ್ತೆ ಹಾಕಿದರು. ಕಾರ್ಖಾನೆಯ ಕ್ಯಾಮೆರಾಗಳಿಗೆ ಮೈಕೇ ಇರಲಿಲ್ಲ. ಆದರೂ ಯುವಕ ಯಂತ್ರದೊಳಗೆ ಕೈ ಹಾಕುವ ಹೊತ್ತಿಗೆ ಒಂದು ಗಂಡು ದನಿ ಪಿಸುಗುಡುತ್ತಿತ್ತು: "ಗುಬ್ಬಿ, ಕೈ ತೆಗಿಯೋ. ಕೈ ತೆಗಿ."

2.15ಕ್ಕೆ ಅವರು ಸತ್ತವನ ಅಕ್ಕನಿಗೆ ಫೋನ್ ಮಾಡಿದರು.

"ಗುಬ್ಬಿ ಅಂದ್ರೆ ಯಾರಮ್ಮ?"

"ನನ್ನ ತಮ್ಮ. ಮನೇಲಿ ನಾನು, ನಮ್ಮ ಯಜಮಾನ್ರು ಇಬ್ಬರೇ ಹಾಗೆ ಕರೀತಿದ್ವಿ."

ಯಜಮಾನರು ಅದೇ ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ವರದಿಗೆ ಸಹಿ ಹಾಕಿದವನೂ ಅವನೇ ಆದ್ದರಿಂದ ಯಾರೂ ಅವನನ್ನು ಅನುಮಾನಿಸಿರಲಿಲ್ಲ.

3.30ಕ್ಕೆ ಅವನ ವಿಚಾರಣೆ. ಅವನು ಏನನ್ನೂ ಬಚ್ಚಿಡಲಿಲ್ಲ.

"ಸುಳ್ಳು ವರದಿಗೆ ಯಾಕೆ ಸಹಿ ಹಾಕಿದೆ?"

"ಹಾಕದಿದ್ರೆ ಕೆಲಸ ಹೋಗುತ್ತೆ ಅಂದ್ರು."

"ರೆಕಾರ್ಡ್ ಮಾಡಿದ್ದು?"

"ಇಪ್ಪತ್ತೊಂಬತ್ತನೇ ದಿನ. ಮಾರನೇ ದಿನ ಅಳಿಸಿಹೋಗ್ತಿತ್ತು. ಹಂಚೋಕೆ ಇನ್ನೂ ಹತ್ತು ದಿನ ಧೈರ್ಯ ಸಾಲಲಿಲ್ಲ."

"ನಮ್ಮ ಹತ್ರ ತರಬಹುದಿತ್ತಲ್ಲ?"

"ನನ್ನ ಹೆಂಡತಿ ಮೂರು ಸಲ ಬಂದಿದ್ಲು ಸರ್. ಸಾಕ್ಷಿ ಇದ್ರೆ ಬಾ, ಇಲ್ದಿದ್ರೆ ಬರಬೇಡ ಅಂದ್ರಂತೆ."

ಹಾಗೆ ಅಂದಿದ್ದು ಇನ್‌ಸ್ಪೆಕ್ಟರೇ. ಅವರಿಗೆ ನಾಚಿಕೆಯಾಯಿತು. 4.50ಕ್ಕೆ ಅವನ ದಸ್ತಗಿರಿ ಪತ್ರಕ್ಕೆ ಸಹಿ ಮಾಡಿದರು. ಮುಚ್ಚಿದ ಕಡತ ಮತ್ತೆ ತೆರೆಯಲು ಅನುಮತಿ ಕೋರಿ ಮೇಲಧಿಕಾರಿಗೆ ಒಂದು ಪತ್ರವನ್ನೂ ಬರೆದರು. ಕೇಸ್ ಡೈರಿಯ 'ಉದ್ದೇಶ' ಎಂಬಲ್ಲಿ ಆರೋಪಿ ಹೇಳಿದ್ದನ್ನೇ ದಾಖಲಿಸಿದರು: ಸಹಿಯ ವಿಷಯ ಗೊತ್ತಾದ ದಿನದಿಂದ ಹೆಂಡತಿ ಮಾತು ಬಿಟ್ಟಿದ್ದಾಳೆ.

6 ಗಂಟೆಗೆ ಅವಳು ಬಂದಳು. ಲಾಕಪ್ಪಿನ ಸರಳು ಹಿಡಿದು ಬಹಳ ಹೊತ್ತು ಗಂಡನನ್ನೇ ನೋಡಿದಳು.

"ಸಹಿ ಹಾಕುವಾಗ ಕೈ ನಡುಗಲಿಲ್ವಾ?"

"ನಡುಗ್ತು."

"ಆದ್ರೂ ಹಾಕಿದ್ರಿ."

"ಹಾಕ್ದೆ."

ಅವಳು ಸರಳಿನ ಈಚೆ ನೆಲದ ಮೇಲೆ ಕುಳಿತಳು. ಸಮಯ ಮುಗೀತಮ್ಮ ಎಂದು ಪೇದೆ ಎರಡು ಸಲ ಹೇಳಿದರೂ ಏಳಲಿಲ್ಲ.